ಮೌನದ ಎಣಿಕೆ

ಅಮೆರಿಕದ ಆರೆಗಾನ್ ಸಂಸ್ಥಾನದ ಪೋರ್ಟ್‌ಲೆಂಡ್ ನಗರದಲ್ಲಿ, ಮಳೆ ಹಿಡಿದು ಬಿಡದ ಒಂದು ಶನಿವಾರದ ಮಧ್ಯಾಹ್ನ, ಕಿಶೋರರ ವಾದ್ಯವೃಂದವೊಂದು ಅಭ್ಯಾಸ ನಡೆಸುತ್ತಿದ್ದ ಶಾಲೆಯ ಮೊಗಸಾಲೆಯಲ್ಲಿ ಇಬ್ಬರು ಕನ್ನಡಿಗರು ಮರದ ಬೆಂಚಿನ ಮೇಲೆ ಕುಳಿತಿದ್ದರು. ಅವರಲ್ಲಿ ಹಿರಿಯರು ಮೈಸೂರಿನವರು. ಜಿಲ್ಲಾ ನ್ಯಾಯಾಧೀಶರಾಗಿದ್ದು ನಿವೃತ್ತರಾಗಿ, ಮಗಳ ಮನೆಗೆ ಮೂರು ತಿಂಗಳ ಮಟ್ಟಿಗೆ ಬಂದವರು. ಕಿರಿಯರು ಅವರ ಅಳಿಯಂದಿರು. ಕಂಪ್ಯೂಟರಿನ ಚಿಪ್ಪುಗಳನ್ನು ರಚಿಸುವ ಇಂಜಿನಿಯರು. ಬಾಗಿಲಿನ ಒಳಗೆ ಎಂಬತ್ತು ಮಂದಿ ಹುಡುಗರೂ ಹುಡುಗಿಯರೂ ಡ್ವೊರ್ಝಾಕನ ‘ನ್ಯೂ ವರ್ಲ್ಡ್’ ಸಿಂಫನಿಯನ್ನು ತಿದ್ದಿಕೊಳ್ಳುತ್ತಿದ್ದರು; ಬಾಗಿಲಿಗೆ ತೀರ ಸಮೀಪವಾಗಿದ್ದ ವಿಯೋಲಾ ವಾದಕರ ಪಂಕ್ತಿಯಲ್ಲಿ ಕುಳಿತ ಹದಿನಾರು ವರ್ಷದ ಹುಡುಗಿಯೊಬ್ಬಳು ಇವರಲ್ಲಿ ಒಬ್ಬರಿಗೆ ಮಗಳು, ಇನ್ನೊಬ್ಬರಿಗೆ ಮೊಮ್ಮಗಳು. ಹಿರಿಯರ ಕೊಡೆಯೊಂದೇ ಮೂಲೆಯಲ್ಲಿ ನಿಂತು ನೀರು ಸುರಿಸುತ್ತಿತ್ತು; ಆ ಊರಿನವರು ಮಳೆಗೆ ಕೊಡೆ ಹಿಡಿಯುವವರಲ್ಲ.

ಅಳಿಯ: ಮಾವ, ತಮ್ಮನ್ನು ಒಂದು ವಿಷಯ ಕೇಳಬೇಕೆಂದು ವಾರದಿಂದ ಹವಣಿಸುತ್ತಿದ್ದೇನೆ. ಮನೆಯಲ್ಲಿ ಪ್ರಸ್ತಾಪಿಸಿದರೆ ತಮ್ಮ ಮಗಳೂ ಮೊಮ್ಮಗಳೂ ಒಂದೇ ಪಕ್ಷವಾಗಿ, ನಾನೊಬ್ಬನೇ ಪ್ರತಿವಾದಿಯಾಗಿ ನಿಲ್ಲಬೇಕಾಗುತ್ತದೆ. ಈ ಹುಡುಗಿ ಹತ್ತನೆಯ ವಯಸ್ಸಿನಿಂದ ಶನಿವಾರದ ಮೂರು ಗಂಟೆಗಳನ್ನು ಇಲ್ಲಿಯೂ, ದಿನಕ್ಕೆ ಒಂದು ಗಂಟೆಯನ್ನು ಮನೆಯಲ್ಲಿಯೂ ಈ ವಾದ್ಯಕ್ಕೆ ಒಪ್ಪಿಸುತ್ತ ಬಂದಿದ್ದಾಳೆ. ತಾನು ಸಂಗೀತಗಾರಳಾಗುವುದಿಲ್ಲವೆಂದು ಅವಳೇ ಹೇಳುತ್ತಾಳೆ. ಅವಳ ಮನಸ್ಸೆಲ್ಲ ಸೇತುವೆ ಕಟ್ಟುವುದರ ಕಡೆಗೆ. ಮುಂದಿನ ವರ್ಷ ಕಾಲೇಜಿನ ಪ್ರವೇಶದ ಗಲಾಟೆ. ಆದುದರಿಂದ ಈ ವರ್ಷಕ್ಕೆ ವಿಯೋಲಾ ಸಾಕೆನ್ನೋಣವೆಂದು ನನ್ನ ಎಣಿಕೆ.

ಮಾವ: ಸಾಕೆನ್ನುವ ಮಾತು ಆಮೇಲಿರಲಿ. ಇದುವರೆಗೆ ಯಾವ ಆಧಾರದ ಮೇಲೆ ಅವಳನ್ನು ಕಳುಹಿಸುತ್ತಿದ್ದಿರಿ?

ಅಳಿಯ: ಸಂಗೀತ ಕಲಿತ ಮಕ್ಕಳಿಗೆ ಗಣಿತ ಸುಲಭವಾಗಿ ಹಿಡಿಯುತ್ತದೆ, ಬುದ್ಧಿ ಚುರುಕಾಗುತ್ತದೆ ಎಂದು ಕೇಳಿದ್ದೆ. ನಮ್ಮ ಕಚೇರಿಯಲ್ಲಿ ಯಾವ ತಂದೆಯನ್ನು ಕೇಳಿದರೂ ಇದೇ ಮಾತು. ಎಲ್ಲರ ಮನೆಯಲ್ಲಿಯೂ ಒಂದು ಪಿಟೀಲೋ ಪಿಯಾನೋ ಇದೆ. ನುಡಿಸುವ ಮಕ್ಕಳಾರೂ ಸಂಗೀತವನ್ನು ವೃತ್ತಿಯಾಗಿ ಹಿಡಿಯತಕ್ಕವರಲ್ಲ.

ಮಾವ: ಎಲ್ಲರೂ ಹೇಳುವ ಮಾತನ್ನು ನ್ಯಾಯಾಲಯದಲ್ಲಿ ನಾವು ಸಾಕ್ಷ್ಯವೆಂದು ದಾಖಲಿಸುತ್ತಿರಲಿಲ್ಲ. ಈ ನಂಬಿಕೆಯ ವಂಶಾವಳಿಯನ್ನು ನಾನು ಸ್ವಲ್ಪ ಬಲ್ಲೆ. ಇಲ್ಲಿಗೆ ಬಂದ ಮೇಲೆ ಹೊತ್ತು ಹೋಗದೆ ಓದಿದ್ದು. 1993ರಲ್ಲಿ ಮೂವತ್ತಾರು ಮಂದಿ ಕಾಲೇಜು ವಿದ್ಯಾರ್ಥಿಗಳಿಗೆ ಮೊಟ್ಸಾರ್ಟನ ಒಂದು ಸೊನಾಟಾವನ್ನು ಹತ್ತು ನಿಮಿಷ ಕೇಳಿಸಿ, ಕಾಗದ ಮಡಿಸಿ ಕತ್ತರಿಸಿದರೆ ಯಾವ ಆಕಾರ ಬರುವುದೆಂಬಂಥ ಕೆಲವು ಪ್ರಶ್ನೆಗಳನ್ನು ಕೊಟ್ಟರು. ಉತ್ತರಗಳು ಕೊಂಚ ಮೇಲಾಗಿ ಬಂದುವು, ಆ ಮೇಲ್ಮೆ ಕಾಲು ಗಂಟೆಯೊಳಗಾಗಿ ಕರಗಿಹೋಯಿತು. ಅಷ್ಟೇ ನಡೆದದ್ದು. ಅದು ಪತ್ರಿಕೆಗಳ ಕೈಗೆ ಸಿಕ್ಕಿ ಐದು ವರ್ಷ ಕಳೆಯುವಷ್ಟರಲ್ಲಿ, ಜಾರ್ಜಿಯಾ ಸಂಸ್ಥಾನದ ರಾಜ್ಯಪಾಲರು ಹುಟ್ಟುವ ಪ್ರತಿಯೊಂದು ಶಿಶುವಿಗೂ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆಯೊಂದನ್ನು ಹಂಚುವುದಕ್ಕಾಗಿ 1,05,000 ಡಾಲರುಗಳನ್ನು ಬಜೆಟ್ಟಿನಲ್ಲಿ ಕೇಳಿದರು. ತೊಟ್ಟಿಲ ಕೂಸಿಗೆ ಅದು ಜೋಗುಳವಾದರೂ ಆಗಿದ್ದೀತು, ಬಿಡಿ.

ಅಳಿಯ: ಅದು ಬರಿಯ ಕೇಳುವಿಕೆ, ಮಾವ. ಕೈ ನೋಯುವಷ್ಟು ವರ್ಷಗಟ್ಟಲೆ ಕಲಿಯುವುದು ಬೇರೆ.

ಮಾವ: ಬೇರೆಯೇ. ಅದನ್ನೂ ತೂಗಿ ನೋಡಿದವರಿದ್ದಾರೆ. ಟೊರಾಂಟೊದಲ್ಲಿ ಆರು ವರ್ಷದ 144 ಮಕ್ಕಳನ್ನು ನಾಲ್ಕು ಪಂಗಡ ಮಾಡಿ, ಎರಡಕ್ಕೆ ಸಂಗೀತವನ್ನೂ ಒಂದಕ್ಕೆ ನಾಟಕವನ್ನೂ ಒಂದು ವರ್ಷ ಕಲಿಸಿ, ನಾಲ್ಕನೆಯದನ್ನು ಹಾಗೆಯೇ ಬಿಟ್ಟರು. 2004ರಲ್ಲಿ ಫಲಿತಾಂಶ ಪ್ರಕಟವಾಯಿತು. ಬುದ್ಧಿಮಾಪನದಲ್ಲಿ ಸಂಗೀತದವರು ಸುಮಾರು ಏಳು ಅಂಕ ಏರಿದರೆ, ಉಳಿದವರು ನಾಲ್ಕರ ಮೇಲೆ ಸ್ವಲ್ಪ ಏರಿದರು. ನಾಲ್ವರೊಡನೆ ಹೊಂದಿ ನಡೆಯುವ ಗುಣದಲ್ಲಿ ಮುಂದುವರಿದವರಾರು ಬಲ್ಲಿರಾ? ನಾಟಕದ ಮಕ್ಕಳು! ತರುವಾಯ 2020ರಲ್ಲಿ ಇಬ್ಬರು ಮನಶ್ಶಾಸ್ತ್ರಜ್ಞರು ಇಂಥ 54 ಅಧ್ಯಯನಗಳನ್ನು ಒಟ್ಟುಗೂಡಿಸಿ ಜರಡಿ ಹಿಡಿದಾಗ, ಪ್ರಯೋಗವನ್ನು ಎಚ್ಚರಿಕೆಯಿಂದ ನಡೆಸಿದಷ್ಟೂ ಲಾಭ ಸೊನ್ನೆಯ ಹತ್ತಿರಕ್ಕೆ ಸರಿಯುತ್ತಿದ್ದುದು ಕಂಡುಬಂತು. ಮಕ್ಕಳನ್ನು ಆರು ವರ್ಷ ಎಡೆಬಿಡದೆ ಕಾರಿನಲ್ಲಿ ತಂದು ಬಿಟ್ಟು, ಮಳೆಯಲ್ಲಿ ಕಾಯಬಲ್ಲ ತಂದೆತಾಯಿಗಳ ಮಕ್ಕಳು ಗಣಿತದಲ್ಲಿ ಮುಂದಿದ್ದರೆ, ಅದರ ಕೀರ್ತಿಯನ್ನು ವಿಯೋಲಾಕ್ಕೆ ಕಟ್ಟುವುದು ಹೇಗೆ?

ಅಳಿಯ: ವೆನಿಜುವೆಲಾದ ಸಂಗತಿ? ಅಲ್ಲಿ ಕಾರಿನಲ್ಲಿ ಬರುವ ಮಕ್ಕಳಲ್ಲ. ಅಲ್ಲಿಯ ಮಕ್ಕಳ ವಾದ್ಯವೃಂದಗಳ ವ್ಯವಸ್ಥೆಯನ್ನು ಸ್ಥಾಪಿಸಿದ ಹೊಸೆ ಅಂತೋನಿಯೊ ಅಬ್ರೆಯು ಅರ್ಥಶಾಸ್ತ್ರಜ್ಞರೂ ಆಗಿದ್ದರು, ಸಂಗೀತಗಾರರೂ ಆಗಿದ್ದರು. 1975ರಲ್ಲಿ ಕಾರಾಕಾಸಿನ ಗ್ಯಾರೇಜೊಂದರಲ್ಲಿ ಹನ್ನೊಂದು ಮಂದಿ ಹುಡುಗರಿಂದ ತೊಡಗಿ, ಬಡಮಕ್ಕಳಿಗೆ ವಾದ್ಯವನ್ನೂ ಪಾಠವನ್ನೂ ಉಚಿತವಾಗಿ ಕೊಡುವ ನೂರಾರು ಕೇಂದ್ರಗಳನ್ನು ದೇಶದ ಉದ್ದಗಲಕ್ಕೂ ಹರಡಿದರು. ‘ಎಲ್ ಸಿಸ್ಟೆಮಾ’ ಎಂದು ಅದರ ಹೆಸರು. ಸಂಗೀತಗಾರರನ್ನು ತಯಾರಿಸುವುದಕ್ಕಿಂತ ಮಕ್ಕಳನ್ನು ಬೀದಿಯ ಪಾಲಾಗದಂತೆ ಉಳಿಸುವುದೇ ಅವರ ಮುಖ್ಯೋದ್ದೇಶವಾಗಿತ್ತು.

ಮಾವ: ಉದ್ದೇಶ ಘನವಾದುದು, ಅದರ ಮುಂದೆ ನಾನು ಕೈಮುಗಿಯುತ್ತೇನೆ. ಪರೀಕ್ಷೆಯಲ್ಲಿ ಕಂಡುದನ್ನೂ ಹೇಳಬೇಕಲ್ಲವೆ? ಅಲ್ಲಿಯ ಹದಿನಾರು ಕೇಂದ್ರಗಳಿಗೆ ಅರ್ಜಿ ಹಾಕಿದ ಸುಮಾರು 2,900 ಮಕ್ಕಳಲ್ಲಿ ಕೆಲವರಿಗೆ ಮೊದಲೂ ಕೆಲವರಿಗೆ ಒಂದು ವರ್ಷ ತಡೆದೂ ಪ್ರವೇಶ ಕೊಟ್ಟು ಹೋಲಿಸಿದರು. 2017ರಲ್ಲಿ ಬಂದ ವರದಿಯಂತೆ ಬುದ್ಧಿಶಕ್ತಿಯಲ್ಲಿ ಎಣಿಸತಕ್ಕಂಥ ವ್ಯತ್ಯಾಸವಿಲ್ಲ. ಆತ್ಮನಿಗ್ರಹ ಕೊಂಚ ಹೆಚ್ಚಿತು. ಕಣ್ಣೆದುರಿಗೆ ಹಿಂಸೆಯನ್ನು ಕಂಡು ಬೆಳೆದ ಗಂಡುಹುಡುಗರಲ್ಲಿ ಮುಂಗೋಪದ ನಡತೆ ಕಡಮೆಯಾಯಿತು. ಸಣ್ಣ ಫಲ, ಆದರೆ ನಿಜವಾದ ಫಲ.

ಅಳಿಯ: ಹಾಗಾದರೆ ತೀರ್ಪು ನನ್ನ ಪರವಾಗಿಯೇ ಆಯಿತು.

ಮಾವ: ದಾವೆಯನ್ನು ಹೂಡಿದ ಆಧಾರ ತಪ್ಪೆಂದೆನೇ ಹೊರತು ದಾವೆಯೇ ಸುಳ್ಳೆಂದೆನೆ? ಕಳೆದ ಮೂರು ಶನಿವಾರ ನೀವು ಇಲ್ಲಿ ಕುಳಿತು ನಿಮ್ಮ ಯಂತ್ರದಲ್ಲಿ ಕಚೇರಿಯ ಕಾಗದಗಳನ್ನು ನೋಡುತ್ತಿದ್ದಾಗ, ನಾನು ಅಪ್ಪಣೆ ಪಡೆದು ಒಳಗೆ ಕಟ್ಟಕಡೆಯ ಸಾಲಿನಲ್ಲಿ ಕುಳಿತಿದ್ದೆ. ಮುಂದೆ ನಿಂತು ಕೋಲಾಡಿಸುವ ಕಂಡಕ್ಟರನ್ನು ನಾಲ್ಕು ನಿಮಿಷ ನೋಡಿದರೆ ಸಾಕು. ನಾನು ನೋಡುತ್ತಿದ್ದುದು ನುಡಿಸದೆ ಇರುವವರನ್ನು. ಟ್ಯೂಬಾ ಎಂಬ ಹಿತ್ತಾಳೆಯ ಆನೆಯನ್ನು ತೊಡೆಯ ಮೇಲೆ ಕೂರಿಸಿಕೊಂಡ ಒಬ್ಬ ಹುಡುಗನಿದ್ದಾನೆ. ಮುಕ್ಕಾಲು ಗಂಟೆ ಸಾಗುವ ಈ ಸಿಂಫನಿಯಲ್ಲಿ ಅವನಿಗೆ ಎರಡನೆಯ ಭಾಗವೊಂದರಲ್ಲಿ ಮಾತ್ರ ಕೆಲಸ. ಅಲ್ಲಿಯೂ ಎಲ್ಲ ಸೇರಿ ಹದಿನಾಲ್ಕು ಸ್ವರ. ಅವನ ಹತ್ತಿರ ಕಂಚಿನ ದೊಡ್ಡ ತಾಳಗಳನ್ನು ಹಿಡಿದ ಹುಡುಗಿಗೆ ಇಡೀ ಕೃತಿಯಲ್ಲಿ ಒಂದೇ ಒಂದು ಏಟು, ಅದೂ ಕೊನೆಯ ಭಾಗದಲ್ಲಿ, ಮೆಲ್ಲಗೆ. ಅವಳು ಕಾಯುವ ರೀತಿಯನ್ನು ನೀವು ನೋಡಬೇಕಾಗಿತ್ತು. ತುಟಿಯಲ್ಲಿ ಎಣಿಕೆ, ಕಾಲಿನ ಹೆಬ್ಬೆರಳಿನಲ್ಲಿ ಎಣಿಕೆ. ಕಣ್ಣು ಮಾತ್ರ ಎಣಿಸುವವಳದಲ್ಲ, ಆಟ ನೋಡುವ ಮಗುವಿನದು. ಒಂದು ಆವರ್ತ ಹೆಚ್ಚುಕಡಮೆ ಎಣಿಸಿದಳೋ, ಎಂಬತ್ತು ಮಂದಿಯ ಶ್ರಮದ ನಟ್ಟನಡುವೆ ಪಾತ್ರೆ ಬಿದ್ದ ಸದ್ದು. ತನ್ನ ಪಾಲು ಇಷ್ಟು ಅಲ್ಪವಾಗಿಯೂ ಇಷ್ಟು ಅನಿವಾರ್ಯವಾಗಿಯೂ ಇರಬಹುದೆಂಬುದನ್ನು ಹದಿನಾರನೆಯ ವಯಸ್ಸಿನಲ್ಲಿ ಮೈಯಿಂದ ತಿಳಿಯುವ ಅವಕಾಶ ಬೇರೆ ಯಾವ ತರಗತಿಯಲ್ಲಿದೆ, ಹೇಳಿ.

ಅಳಿಯ: ನಮ್ಮವಳಿಗೂ ಹೀಗೆಯೇ ಕಾಯುವ ಕೆಲಸವೆ?

ಮಾವ: ಅವಳಿಗೆ ಇನ್ನೂ ಕಠಿನವಾದುದು. ಎಡೆಬಿಡದೆ ನುಡಿಸಬೇಕು, ಯಾರ ಕಿವಿಗೂ ಪ್ರತ್ಯೇಕವಾಗಿ ಬೀಳಬಾರದು. ವಿಯೋಲಾ ಎಂಬುದು ನಮ್ಮ ತಂಬೂರಿಯಂತೆ ಕೆಳಗೆ ಹಾಸಿದ್ದೂ ಅಲ್ಲ, ಪಿಟೀಲಿನಂತೆ ಮೇಲೆ ಹಾರುವುದೂ ಅಲ್ಲ. ಗೋಡೆಯ ಒಳಗಿನ ಇಟ್ಟಿಗೆ. ಒಂದು ಸ್ಟ್ಯಾಂಡಿಗೆ ಇಬ್ಬರು. ಹಾಳೆ ಮುಗಿದೊಡನೆ ಒಳಬದಿಗೆ ಕುಳಿತವರು ನುಡಿಸುವುದನ್ನು ನಿಲ್ಲಿಸಿ ಹಾಳೆ ತಿರುವಬೇಕು, ಹೊರಬದಿಯವರು ಮುಂದುವರಿಸಬೇಕು. ಇವಳು ಒಳಬದಿಯವಳು. ಹಾಳೆ ತಿರುವಿ ಮತ್ತೆ ಕಮಾನನ್ನು ತಂತಿಗೆ ಇಳಿಸುವಾಗ, ತಾನು ಬಿಟ್ಟು ಹೋದ ಸದ್ದಿನೊಳಗೆ ಹೊಲಿಗೆ ಕಾಣದಂತೆ ಸೇರಿಕೊಳ್ಳುತ್ತಾಳೆ. ಅದನ್ನು ಮಾಡಿದ್ದಕ್ಕಾಗಿ ಅವಳಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಅಳಿಯ: ತಾವು ಹೇಳಿದ ಮೇಲೆ ನನಗೊಂದು ಮಾತು ನೆನಪಾಗುತ್ತದೆ. ಹೋದ ತಿಂಗಳು ಊಟಕ್ಕೆ ಕುಳಿತಾಗ, ಹಿಂದಿನ ಸಾಲಿನ ಹಿತ್ತಾಳೆಯವರು ಯಾವಾಗಲೂ ತಡವೆಂದು ಬೈಸಿಕೊಳ್ಳುವರೆಂದಳು. ನನ್ನ ಇಂಜಿನಿಯರಿಕೆ ಕೆರಳಿ ಲೆಕ್ಕ ಹಾಕಿದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರು ಓಡುವುದಾದರೆ, ಹದಿನೇಳು ಮೀಟರು ಆಳದ ರಂಗವನ್ನು ದಾಟುವುದಕ್ಕೆ ಒಂದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ ಹಿಡಿಯುತ್ತದೆ. ಮುಂದಿನ ಪಿಟೀಲನ್ನು ಕಿವಿಯಿಂದ ಕೇಳಿ ಅದಕ್ಕೆ ಸರಿಯಾಗಿ ಊದಿದವನು ಎಷ್ಟು ಪ್ರಾಮಾಣಿಕನಾದರೂ ಸಭೆಗೆ ತಡವಾಗಿಯೇ ಕೇಳಿಸುತ್ತಾನೆ. ಅವನು ಕಿವಿಯನ್ನು ಸಂಶಯಿಸಿ ಕಣ್ಣಿನಿಂದ ಕೋಲನ್ನು ನಂಬಬೇಕು. ಚಿಪ್ಪಿನಲ್ಲಿ ನನಗೆ ಇಪ್ಪತ್ತು ವರ್ಷದಿಂದ ಇದೇ ಕೆಲಸ, ಮಾವ! ಸೆಕೆಂಡಿಗೆ ನೂರಾರು ಕೋಟಿ ಸಲ ಬಡಿಯುವ ತಾಳವೊಂದು ಚಿಪ್ಪಿನ ಎಲ್ಲ ಮೂಲೆಗಳಿಗೂ ಒಂದೇ ಕ್ಷಣಕ್ಕೆ ತಲುಪಬೇಕು. ಹತ್ತಿರದ ಮೂಲೆಗೆ ಮೊದಲು, ದೂರದ ಮೂಲೆಗೆ ಆಮೇಲೆ ತಲುಪಿದರೆ ಲೆಕ್ಕವೆಲ್ಲ ತಪ್ಪುತ್ತದೆ. ಅದಕ್ಕಾಗಿ ತಂತಿಗಳನ್ನು ಮರದ ಕೊಂಬೆಗಳಂತೆ ಕವಲೊಡೆಸಿ, ಪ್ರತಿಯೊಂದು ಕವಲಿನ ಉದ್ದವನ್ನೂ ಸಮಗೊಳಿಸುತ್ತೇವೆ. ಇದನ್ನು ಹೇಳಿದರೆ ಅವಳು ನಕ್ಕು, ‘ನಿಮ್ಮ ತಂತಿಗಳಿಗೆ ಬೇಜಾರಾಗುವುದಿಲ್ಲವಲ್ಲ ಅಪ್ಪ’ ಎಂದಳು.

ಮಾವ: ನನ್ನ ಮಾತನ್ನು ಅವಳೇ ಹೇಳಿಬಿಟ್ಟಳು. ತಂತಿಗೆ ಬೇಸರವಿಲ್ಲ, ಅಭಿಮಾನವಿಲ್ಲ. ಮನುಷ್ಯನಿಗೆ ಎರಡೂ ಉಂಟು. ನನ್ನ ಕಥೆಯನ್ನೇ ಕೇಳಿ. ನ್ಯಾಯಾಧೀಶನಾಗುವುದಕ್ಕೆ ಮುಂಚೆ ನಾನು ಹನ್ನೆರಡು ವರ್ಷ ವಕೀಲನಾಗಿದ್ದೆನಷ್ಟೆ. ಆ ಕಾಲದ ಒಂದು ಗಡಿಕಲ್ಲಿನ ವ್ಯಾಜ್ಯ. ಎದುರು ಪಕ್ಷದ ಸಾಕ್ಷಿ ಒಬ್ಬ ಮುದುಕ ಒಕ್ಕಲಿಗ. ನಾನು ರಾತ್ರಿಯೆಲ್ಲ ಕುಳಿತು ನಲವತ್ತು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿದ್ದೆ. ಒಂಬತ್ತನೆಯ ಪ್ರಶ್ನೆಗೋ ಹತ್ತನೆಯದಕ್ಕೋ ಅವನು, ಹೊಳೆ ತುಂಬಿ ಬಂದ ವರ್ಷ ಕಲ್ಲು ಸರಿದಿತ್ತು ಸ್ವಾಮಿ, ಎಂದು ತಾನಾಗಿಯೇ ಹೇಳಿದನಂತೆ. ಆ ಒಂದು ವಾಕ್ಯದಲ್ಲಿ ನನ್ನ ಕಕ್ಷಿಯ ಜಮೀನೆಲ್ಲ ಇತ್ತು. ನಾನು ತಲೆ ತಗ್ಗಿಸಿ ಕಾಗದದಲ್ಲಿ ಮುಂದಿನ ಪ್ರಶ್ನೆಯನ್ನು ಹುಡುಕುತ್ತಿದ್ದೆ. ಅವನು ಹೇಳಿದ್ದು ಹೀಗೆಂದು ಸಂಜೆ ನನ್ನ ಗುಮಾಸ್ತ ತಿಳಿಸಿದ. ವೀಣೆಯನ್ನು ನಾಲ್ಕು ವರ್ಷ ಕಲಿತವನು ನಾನು, ಕಿವಿಯಿಲ್ಲದವನಲ್ಲ. ಆದರೆ ಒಬ್ಬನೇ ಕುಳಿತು ಕಲಿತವನು. ನನ್ನ ಸ್ವರ ಶುದ್ಧವಾಗಿ ಬಂದರೆ ಅಲ್ಲಿಗೆ ತೃಪ್ತಿ. ನಾವು ಸಾಮಾನ್ಯವಾಗಿ ಮಾತನಾಡಿ ಮುಗಿಸಿ ಆಮೇಲೆ ಕೇಳುತ್ತೇವೆ, ಅಥವಾ ಕೆಲಸವನ್ನು ನಿಲ್ಲಿಸಿ ಕೇಳುತ್ತೇವೆ. ಎರಡು ಕೈಯೂ ತನ್ನ ಕೆಲಸದಲ್ಲಿ ಪೂರ್ತಿ ತೊಡಗಿರುವಾಗಲೇ ಪಕ್ಕದವನೂ ಹಿಂದಿನವನೂ ಏನು ಮಾಡುತ್ತಿದ್ದಾರೆಂದು ಕೇಳಿ, ಕೇಳಿದ್ದಕ್ಕೆ ತಕ್ಕಂತೆ ತನ್ನ ಕೈಯನ್ನು ಆ ಕ್ಷಣದಲ್ಲಿಯೇ ಕೂದಲೆಳೆಯಷ್ಟು ತಿದ್ದಿಕೊಳ್ಳುವ ಈ ವಿದ್ಯೆ ನನಗೆ ಐವತ್ತು ದಾಟಿದ ಮೇಲೆ, ನ್ಯಾಯಪೀಠದ ಮೇಲೆ ಕುಳಿತು, ಬಹಳ ಜನರ ವೆಚ್ಚದಲ್ಲಿ ಬಂತು.

ಅಳಿಯ: ಒಂದು ಆಕ್ಷೇಪವುಂಟು. ಎಂಬತ್ತು ಮಂದಿ ಒಬ್ಬನ ಕೋಲನ್ನು ನೋಡಿ ಕಮಾನನ್ನು ಒಟ್ಟಿಗೆ ಮೇಲಕ್ಕೂ ಒಟ್ಟಿಗೆ ಕೆಳಕ್ಕೂ ಎಳೆಯುವುದನ್ನು ನೋಡಿದರೆ ನನಗೆ ಕವಾಯತು ನೆನಪಾಗುತ್ತದೆ. ಹೇಳಿದಂತೆ ಕೇಳುವವರನ್ನು ಕಾರ್ಖಾನೆಗಳೂ ಕಚೇರಿಗಳೂ ಬಯಸುತ್ತವೆ. ಆದುದರಿಂದಲೇ ಅವು ಈ ಶಿಕ್ಷಣವನ್ನು ಹೊಗಳುತ್ತವೆಯೋ ಏನೋ!

ಮಾವ: ಸರಿಯಾದ ಆಕ್ಷೇಪ. ವೆನಿಜುವೆಲಾದ ಪದ್ಧತಿಯ ಮೇಲೆಯೇ ಜೆಫ್ರಿ ಬೇಕರ್ ಎಂಬ ವಿದ್ವಾಂಸರು 2014ರಲ್ಲಿ ಒಂದು ಗ್ರಂಥ ಬರೆದು, ಅದು ಕಲಿಸುವುದು ಸಹಕಾರವನ್ನಲ್ಲ, ಮೇಲಿನವನ ಅಧಿಕಾರಕ್ಕೆ ತಲೆಬಾಗುವುದನ್ನು ಎಂದು ಆಪಾದಿಸಿದ್ದಾರೆ. ಎಲ್ಲವೂ ಮುಂದೆ ನಿಂತವರ ಗುಣವನ್ನು ಅವಲಂಬಿಸಿದೆಯೆಂದು ನನಗೆ ತೋರುತ್ತದೆ. ಹೆದರಿಸಿ ನುಡಿಸುವವನ ಕೈಕೆಳಗೆ ಮಕ್ಕಳು ಕೋಲನ್ನು ಮಾತ್ರ ನೋಡುತ್ತಾರೆ, ಒಬ್ಬರನ್ನೊಬ್ಬರು ಕೇಳುವುದಿಲ್ಲ. ನಮ್ಮ ಸಂಗೀತ ಕಛೇರಿಯ ಸೊಗಸೇ ಬೇರೆ. ಗಾಯಕರು ಎತ್ತಿಕೊಂಡ ಸಂಗತಿ ಎತ್ತ ಹೊರಳುವುದೆಂದು ಮೃದಂಗದವರಿಗೆ ಮುಂಚೆ ತಿಳಿಯದು. ಮುಖ ನೋಡಿ ಊಹಿಸಿ ಜೊತೆಗೂಡುತ್ತಾರೆ. ಅಲ್ಲಿ ಕಲಿಯುವುದು ಇಬ್ಬರು ಮೂವರ ಸರಸ. ಎಂಬತ್ತು ಮಂದಿ ಅಪರಿಚಿತರು ಒಂದಾಗುವ ಪಾಠಕ್ಕೆ ಬರೆದಿಟ್ಟ ಕಾಗದ ಬೇಕು, ಕೋಲೂ ಬೇಕು. ಮೈಸೂರಿನಲ್ಲಿ ನಾವು ಹುಡುಗರಾಗಿದ್ದಾಗ ದಸರೆಯಲ್ಲಿ ಎರಡು ವಾದ್ಯವೃಂದಗಳನ್ನೂ ಕೇಳಿ ಬೆಳೆದೆವು, ಕರ್ನಾಟಕ ಸಂಗೀತದ್ದೊಂದು, ಆಂಗ್ಲ ಸಂಗೀತದ್ದೊಂದು. ಅರಮನೆಯ ಕಾಲದ ಆ ಪರಂಪರೆ ಈಗ ಪೊಲೀಸು ಇಲಾಖೆಯಲ್ಲಿ ಉಳಿದಿದೆ. ಟೋಪಿ ಪಟ್ಟಿ ತೊಟ್ಟ ಪೊಲೀಸಿನವರು ಪಿಟೀಲು ನುಡಿಸುವುದನ್ನು ಕಂಡು ನಮಗೆ ನಗು ಬರುತ್ತಿತ್ತು. ಈಗ ಬರುವುದಿಲ್ಲ.

ಅಳಿಯ: ಈ ಊರಿಗೂ ಇಂಥದೊಂದು ಪರಂಪರೆಯುಂಟು. ಆರೆಗಾನಿನ ಪೂರ್ವ ಭಾಗದಲ್ಲಿ ಬರ್ನ್ಸ್ ಎಂದು ಒಂದು ಹಳ್ಳಿಯಂಥ ಪಟ್ಟಣ. ಸುತ್ತ ನೀರಿಲ್ಲದ ಬಯಲು, ಬೂದು ಬಣ್ಣದ ಕುರುಚಲು ಗಿಡ, ದನ ಸಾಕುವವರ ಮನೆಗಳು. ಅಲ್ಲಿ ಮೇರಿ ಡಾಜ್ ಎಂಬ ಪಿಟೀಲಿನ ಉಪಾಧ್ಯಾಯಿನಿ 1912ರ ಹೊತ್ತಿಗೆ ದನಗಾಹಿಗಳ ಮಕ್ಕಳನ್ನು ಕೂಡಿಸಿ ವಾದ್ಯವೃಂದ ಕಟ್ಟಿದರು. ಆ ಕುರುಚಲಿನ ಹೆಸರನ್ನೇ ಇಟ್ಟು ಅದನ್ನು ಸೇಜ್‌ಬ್ರಷ್ ಸಿಂಫನಿ ಎಂದು ಕರೆದರು. ಆಮೇಲೆ ಆಕೆ ಪೋರ್ಟ್‌ಲೆಂಡಿಗೆ ಬಂದು ಇಲ್ಲಿಯ ಮಕ್ಕಳನ್ನು ಕೂಡಿಸಿದ್ದೇ 1924ರಲ್ಲಿ ಪೋರ್ಟ್‌ಲೆಂಡ್ ಜೂನಿಯರ್ ಸಿಂಫನಿಯಾಗಿ ಬೆಳೆಯಿತು. ಈ ದೇಶದಲ್ಲಿ ಕಿಶೋರರಿಗಾಗಿ ಹುಟ್ಟಿದ ಮೊದಲನೆಯ ವಾದ್ಯವೃಂದವೆಂದು ಅದಕ್ಕೆ ಹೆಸರು. ರಷ್ಯದಿಂದ ಬಂದ ಜಾಕ್ ಗರ್ಷ್‌ಕೊವಿಚ್ ಎಂಬವರು ಅದನ್ನು 1953ರಲ್ಲಿ ತಾವು ತೀರಿಕೊಳ್ಳುವವರೆಗೂ ನಡೆಸಿದರು. ಅವರ ತರುವಾಯ ಬಂದವರು ನಲವತ್ತೊಂದು ವರ್ಷ. ಇಷ್ಟು ದೀರ್ಘಕಾಲದಲ್ಲಿ ಅಲ್ಲಿ ಕುಳಿತೆದ್ದ ಮಕ್ಕಳೆಲ್ಲ ವಾದಕರಾಗಿದ್ದರೆ ಈ ಊರಿನಲ್ಲಿ ಹಲ್ಲು ಕೀಳುವುದಕ್ಕೂ ಜನ ಸಿಕ್ಕುತ್ತಿರಲಿಲ್ಲ.

ಮಾವ: ಈ ಕಥೆ ಬಲ್ಲವರು ನೀವು, ಮಗಳನ್ನು ಬಿಡಿಸಲು ಹೊರಟಿರಿ.

ಅಳಿಯ: ಬಲ್ಲೆನಾದರೂ ಪ್ರಯೋಜನದ ಲೆಕ್ಕದಲ್ಲಿ ಅದು ಬರಲಿಲ್ಲ. ಇನ್ನೊಬ್ಬರ ಮಾತೂ ಈಗ ನೆನಪಾಗುತ್ತದೆ. 2013ರಲ್ಲಿ ನೊಬೆಲ್ ಪಡೆದ ಥಾಮಸ್ ಸ್ಯೂಡಾಫ್ ನರಕೋಶಗಳನ್ನು ಕುರಿತು ಸಂಶೋಧಿಸಿದವರು. ತಮ್ಮ ಮೇಲೆ ಎಲ್ಲರಿಗಿಂತ ಹೆಚ್ಚು ಪ್ರಭಾವ ಬೀರಿದ ಗುರು ಯಾರೆಂದು ಕೇಳಿದರೆ ಅವರು ಹೆಸರಿಸಿದ್ದು ಬಸೂನ್ ಎಂಬ ಊದುವ ವಾದ್ಯವನ್ನು ಕಲಿಸಿದವರನ್ನು. ಸಾಧಿಸುವುದು, ಕೇಳುವುದು, ಮತ್ತೆ ಸಾಧಿಸುವುದು, ಮತ್ತೆ ಕೇಳುವುದು, ಗಂಟೆಗಟ್ಟಲೆ. ಬೇರೆ ದಾರಿಯಿಲ್ಲವೆಂಬುದನ್ನು ಅಲ್ಲಿ ಕಲಿತರಂತೆ.

ಮಾವ: ಒಬ್ಬ ಸಾಕ್ಷಿ, ಅದೂ ಗೆದ್ದ ಸಾಕ್ಷಿ. ನೊಬೆಲ್ ಬಾರದ ಬಸೂನಿನವರನ್ನೂ ಕರೆಸಿ ಕೇಳಬೇಕಾಗುತ್ತದೆ. ಆದರೂ ನುಡಿ ನನಗೆ ಹಿಡಿಸಿತು. ಸಾಧಿಸಿದಷ್ಟೇ ಸಲ ಕೇಳುವುದೂ ಬಂತು, ನೋಡಿ. ನೀವು ಮುಂದಿನ ವರ್ಷದ ಅರ್ಜಿಗಾಗಿ ಅವಳನ್ನು ಇಲ್ಲಿ ಉಳಿಸಿಕೊಂಡರೆ ಅದು ಅವಳಿಗೆ ತಿಳಿಯದೆ ಹೋಗುವುದಿಲ್ಲ. ಆಗ ಅವಳು ಗಡಿಯಾರ ನೋಡುತ್ತ ನುಡಿಸುತ್ತಾಳೆ, ನಾನು ಕಾಗದ ನೋಡುತ್ತ ಸಾಕ್ಷಿಯನ್ನು ಕೇಳಿದಂತೆ. ನಿಲ್ಲಿಸುವುದಾದರೆ ಅವಳ ಬಾಯಿಂದಲೇ ಬರಲಿ.

ಅಷ್ಟರಲ್ಲಿ ಒಳಗಿನ ಸದ್ದು ನಿಂತಿತು. ಕುರ್ಚಿಗಳು ಸರಿದು, ಬಾಗಿಲು ತೆರೆದು, ಪೆಟ್ಟಿಗೆಗಳನ್ನು ಬೆನ್ನಿಗೆ ಹೊತ್ತ ಮಕ್ಕಳು ಹೊರಬಿದ್ದರು. ಹುಡುಗಿ ಬಂದಳು, ಕಮಾನಿನ ಗುರುತು ಹಾಕುವ ಪೆನ್ಸಿಲು ಇನ್ನೂ ಕಿವಿಯ ಮೇಲೆಯೇ ಇತ್ತು. ಅಭ್ಯಾಸ ಹೇಗಾಯಿತೆಂದು ತಂದೆ ಕೇಳಿದರು.

‘ಚೆನ್ನಾಗೇ ಆಗ್ತಿತ್ತಪ್ಪ,’ ಎಂದಳು. ‘ಎರಡನೇ ಭಾಗದಲ್ಲಿ ಬಾಗಿಲಾಚೆ ಯಾರೋ ಕನ್ನಡದಲ್ಲಿ ಮಾತಾಡ್ತಾನೇ ಇದ್ರು. ಗಡಿಕಲ್ಲು ಸರಿದದ್ದೆಲ್ಲ ನಮ್ಮ ಸ್ಟ್ಯಾಂಡಿಗೆ ಕೇಳಿಸ್ತಾ ಇತ್ತು. ಪಾಪ, ಟ್ಯೂಬಾದವನು ಎಣಿಕೆ ತಪ್ಪಿ ಒಂದು ಆವರ್ತ ಮುಂಚೆ ಬಂದ್ಬಿಟ್ಟ.’

ನಿವೃತ್ತ ನ್ಯಾಯಾಧೀಶರು ಮಾತನಾಡದೆ ಎದ್ದು ಮೂಲೆಯ ಕೊಡೆಯನ್ನು ಕೈಗೆತ್ತಿಕೊಂಡರು.